ತೂಕ ಎಲ್ಲಿ ಕೂತಿದೆ

ಮೂವತ್ತೊಂದು ವರ್ಷದಿಂದ ನಾನು ಇಲ್ಲೇ,
ವೋರು ಪಟ್ಟಣದಾಚೆಯ ಮರದ ಮಿಲ್ಲಿನಲ್ಲಿ,
ವೇಬ್ರಿಡ್ಜಿನ ಪಕ್ಕದ ಸಣ್ಣ ಕಿಟಕಿಯ ಹಿಂದೆ.
ದಿಮ್ಮಿ ಹೊತ್ತ ಲಾರಿ ಬಂದು ನಿಲ್ಲುತ್ತದೆ,
ಚೀಟಿ ಹರಿದು ಕೊಡುತ್ತೇನೆ, ಹೋಗುತ್ತದೆ.
ಎಷ್ಟು ಎಂದು ಕೇಳುತ್ತಾರೆ ಎಲ್ಲರೂ.
ಎಲ್ಲಿ ಎಂದು ಕೇಳಿದವರನ್ನು ಕಾಣೆ.

ಮಾಲ್ಲೆ ಬಂದದ್ದು ಆಗಸ್ಟಿನಲ್ಲಿ,
ನೀಲಿ ಟ್ರ್ಯಾಕ್ಟರಿನ ಮೂತಿಗೆ
ಹುಲ್ಲಿನ ದುಂಡು ಪಿಂಡಿ ಚುಚ್ಚಿಕೊಂಡು.
"ವಾಯ್ಕೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿಯೋದಿಲ್ಲ.
ಎಂಡೆಲ್ ಎರಡು ಸಲ ಬಿಚ್ಚಿ ಜೋಡಿಸಿದ,
ಎರಡು ಸಲವೂ ದುಡ್ಡು ತಗೊಂಡ,
ಚೊಕ್ಕ ಇದೆ ಅಂತಾನೆ.
ಮಂಗಳವಾರ ನದಿಯ ಜೊಂಡಿನವರೆಗೂ ಜಾರಿದೆ."

ಪಿಂಡಿ ಇಳಿಸಿದೆವು.
ಮುಂದಿನ ಗಾಲಿಗಳಷ್ಟೇ ಹಲಗೆಯ ಮೇಲೆ: ಎಂಟುನೂರು.
ಹಿಂದಿನವಷ್ಟೇ: ಸಾವಿರದ ಇನ್ನೂರು.
ಮತ್ತೆ ಎತ್ತಿದಳು, ಐನೂರು ಕಿಲೋ ಹುಲ್ಲು,
ಮುಂದಿನ ಅಚ್ಚಿನಿಂದ ಒಂದೂವರೆ ಮೀಟರ್ ಆಚೆಗೆ.
ಎಂಟುನೂರು, ಐನೂರು, ಸಾವಿರದ ಮುನ್ನೂರು ಎಂದು
ಪೆನ್ಸಿಲಿನಲ್ಲಿ ಬರೆದೂ ಬಿಟ್ಟಿದ್ದೆ ನಾನು.
ಮುಳ್ಳು ಹೋಗಿ ನಿಂತದ್ದು
ಸಾವಿರದ ಆರುನೂರ ಎಪ್ಪತ್ತೈದಕ್ಕೆ.

ಗಾಜನ್ನು ಬೆರಳಲ್ಲಿ ತಟ್ಟಿದೆ.
ಮುಳ್ಳು ಕದಲಲಿಲ್ಲ.

ಹಿಂದಿನ ಅಚ್ಚನ್ನು ತೂಗಿದೆ: ಎಂಟುನೂರ ಇಪ್ಪತ್ತೈದು.
ಆಗ ಹೊಳೆಯಿತು. ಹೊರೆ ಬರಿಗೈಲಿ ಬಂದಿರಲಿಲ್ಲ.
ತನ್ನ ಐನೂರರ ಜೊತೆಗೆ ಹಿಂದಿನ ಗಾಲಿಗಳ ಜೇಬಿನಿಂದ
ಮುನ್ನೂರ ಎಪ್ಪತ್ತೈದು ಕಿತ್ತು ತಂದಿತ್ತು.
ಒಟ್ಟು ಕೂಡಿಸಿದರೆ ಎರಡೂವರೆ ಟನ್,
ಒಂದು ಕಿಲೋ ಸುಳ್ಳಿಲ್ಲ.
ಒಟ್ಟು ನೋಡಿ ಸಹಿ ಹಾಕಿದವಳು ನಾನು,
ಮೂವತ್ತೊಂದು ವರ್ಷ.

"ಬ್ರೇಕ್ ಇರೋದು ಹಿಂದಿನ ಗಾಲಿಗೆ ಮಾತ್ರ, ಅಲ್ವಾ?"
ಹೌದು ಎಂದಳು.
"ಗಾಲಿ ನಿಂತೇ ಇತ್ತು, ಮಾಲ್ಲೆ.
ನೆಲ ಅದರ ಕೈಗೆ ಸಿಗಲಿಲ್ಲ.
ಇದು ಸಮನೆಲದ ಲೆಕ್ಕ,
ಇಳಿಜಾರು ಇನ್ನಷ್ಟು ಕಿತ್ತುಕೊಳ್ಳುತ್ತೆ."

ಅವಳ ತಮ್ಮ ಟಾವೊ, ನೂರ ಹತ್ತು ಕಿಲೋ ಆಳು,
ಹಿಂದಿನ ಕೊಕ್ಕೆಯ ಮೇಲೆ ಹತ್ತಿ ನಿಂತು
ಈಗ ಓದು ಎಂದ.
ಇಳಿಯೋ ಮಾರಾಯ, ನೀನು ಬಿದ್ದರೆ
ಚೀಟಿ ಯಾರ ಹೆಸರಿಗೆ ಬರೀಲಿ?

ಅವರ ಅಂಗಳದಲ್ಲಿ ಇನ್ನೂ ಏತದ ಬಾವಿಯಿದೆ.
ಹಗ್ಗ ಕೊಳೆತು ಬಕೆಟ್ಟು ಎಂದೋ ಒಳಗೆ ಬಿದ್ದಿದೆ,
ತೊಲೆಯ ಬಾಲದ ಕಲ್ಲು ಮಾತ್ರ ನೆಲಕ್ಕೆ ಊರಿ
ಮೂತಿ ಆಕಾಶ ನೋಡುತ್ತದೆ.
ಅದನ್ನು ನೋಡಿಯೇ ಇರಬೇಕು ಮಾಲ್ಲೆ
ಉಪ್ಪುಮೀನಿನ ಹಳೆಯ ಪೀಪಾಯಿಗೆ ಕಾಂಕ್ರೀಟು ಸುರಿದದ್ದು.
ನಾನೂರು ಕಿಲೋ,
ಹಿಂದಿನ ಅಚ್ಚಿನಿಂದ ಒಂದು ಮೀಟರ್ ಆಚೆಗೆ ತೂಗಿಸಿದಳು.

ಮುಂದೆ ಸಾವಿರದ ನಾನೂರ ಎಪ್ಪತ್ತೈದು.
ಹಿಂದೆ ಸಾವಿರದ ನಾನೂರ ಇಪ್ಪತ್ತೈದು.
ಭಾರ ಹೆಚ್ಚಿದ್ದಕ್ಕೇ ಸಲೀಸಾಗಿ ನಡೆದ ಗಾಡಿಯನ್ನು
ಕಿಟಕಿಯಿಂದ ಕತ್ತು ಚಾಚಿ ನೋಡಿದೆ.
ಅಂಗಡಿಯವಳಿಗೆ, ಪಾದ್ರಿಗೆ, ಕೇಳದವರಿಗೂ ಹೇಳಿದೆ.

ಜನವರಿಯಲ್ಲಿ ಸಿಡುಕುತ್ತ ಬಂದಳು.
ಪಿಂಡಿಯೆಲ್ಲ ಕೊಟ್ಟಿಗೆ ಸೇರಿತ್ತು,
ಪೀಪಾಯಿ ಹಿಂದೆ ಹಾಗೇ ತೂಗುತ್ತಿತ್ತು.
ಹಿಮದ ಏರಿನಲ್ಲಿ ಸ್ಟೀರಿಂಗ್ ತಿರುಗಿಸಿದಳು,
ಮುಂದಿನ ಗಾಲಿ ತಿರುಗಿತು, ಟ್ರ್ಯಾಕ್ಟರು ತಿರುಗಲಿಲ್ಲ,
ನೆಟ್ಟಗೆ ಹೋಗಿ ಪಕ್ಕದ ಮನೆಯ ಅಂಚೆಪೆಟ್ಟಿಗೆ ಹೊಡೆಯಿತು.
ತೂಗಿದೆ: ಮುಂದೆ ಬರೀ ಆರುನೂರು.
"ನೀನೇ ಹಾಕಿಸಿದ್ದು," ಎಂದಳು.
ಹಾಕು ಎಂದಿದ್ದೆ. ತೆಗೆ ಎನ್ನಲು
ಹೊಳೆದಿರಲಿಲ್ಲ.

ಕೆಲಸವಿಲ್ಲದ ದಿನ ಪೀಪಾಯಿಯನ್ನು
ನನ್ನ ಕಿಟಕಿಯ ಕೆಳಗೆ ಬಿಟ್ಟು ಹೋಗುತ್ತಾಳೆ.
ಮಿಲ್ಲಿನ ಬೆಕ್ಕು ಅದರ ಮೇಲೆ ಮಲಗುತ್ತದೆ,
ನಾಲ್ಕು ಕಿಲೋ ಇದ್ದೀತು.
ನಡುವಲ್ಲಲ್ಲ, ಅಂಚಿನಲ್ಲಿ,
ಬಾಲ ಈಚೆಗೆ ಇಳಿಬಿಟ್ಟು.